ಜಾಹೀರಾತಿನ ಅಡಿಯಲ್ಲಿದ್ದ ನಿಮಿಷ

ಹಾಸಿಗೆ ಅಂಗಡಿಯ ಮೇಲಿನ ಮಹಡಿಯಲ್ಲಿ ಎರಡು ಕೋಣೆಗಳ ಒಂದು ರೇಡಿಯೋ ಕೇಂದ್ರವಿತ್ತು. ಕೇಂದ್ರ ಅಂದ ಕೂಡಲೇ ದೊಡ್ಡದೇನನ್ನೋ ಕಲ್ಪಿಸಿಕೊಳ್ಳಬೇಡಿ. ಮೊದಲ ಕೋಣೆಯಲ್ಲಿ ಯಜಮಾನರ ಮೇಜು, ಬಂದವರು ಕೂರಲು ಕೆಳಗಿನ ಅಂಗಡಿಯಲ್ಲಿ ಮಾರಾಟವಾಗದೆ ಉಳಿದ ಒಂದು ದಿವಾನ್ ಮಂಚ. ಎರಡನೆಯ ಕೋಣೆಯ ಗೋಡೆಗೆಲ್ಲ ಮೊಟ್ಟೆ ಇಡುವ ರಟ್ಟಿನ ತಟ್ಟೆಗಳನ್ನು ಅಂಟಿಸಿದ್ದರು, ಸದ್ದು ಮಾರ್ದನಿಸಬಾರದು ಅಂತ. ಅಲ್ಲಿ ಎರಡು ಟೇಪು ಯಂತ್ರ, ಗುಂಡಿಗಳ ಒಂದು ಹಲಗೆ, ಒಂದು ಗಡಿಯಾರ, ಕೂತರೆ ಕಿರುಗುಟ್ಟುವ ಒಂದು ಕುರ್ಚಿ. ಆ ಕುರ್ಚಿಯಲ್ಲಿ ಕೂರುತ್ತಿದ್ದವಳನ್ನು ಊರೆಲ್ಲ ನಿಮಿಷಮ್ಮ ಅನ್ನುತ್ತಿತ್ತು. ಹಿಂದಿನ ಬೀದಿಯಲ್ಲಿ ಕ್ಷೌರದಂಗಡಿ ಇಟ್ಟುಕೊಂಡಿದ್ದ ಅವಳ ಗಂಡ ಕೂಡ ಹಾಗೆಯೇ ಕರೆಯುತ್ತಿದ್ದ.

ಆ ಕೇಂದ್ರಕ್ಕೆ ತನ್ನದು ಅಂತ ಒಂದು ಕಾರ್ಯಕ್ರಮವೂ ಇರಲಿಲ್ಲ. ಎಲ್ಲ ಆಕಾಶದಿಂದ ಬರುತ್ತಿತ್ತು. ಮಾತಿಗೆ ಹೇಳುತ್ತಿಲ್ಲ, ನಿಜಕ್ಕೂ ಆಕಾಶದಿಂದಲೇ. ಎಲ್ಲೋ ದೂರದ ಮಹಾನಗರದಲ್ಲಿ ಕೂತ ರೇಡಿಯೋ ಜಾಲದವರು ಹಾಡು, ಮಾತು, ನಾಟಕ ಎಲ್ಲವನ್ನೂ ಉಪಗ್ರಹಕ್ಕೆ ಕಳಿಸುತ್ತಿದ್ದರು. ಉಪಗ್ರಹ ಅದನ್ನು ಇನ್ನೂರು ಊರುಗಳ ಮೇಲೆ ಒಂದೇ ಸಲಕ್ಕೆ ಸುರಿಯುತ್ತಿತ್ತು. ಇಲ್ಲಿ ತಾರಸಿಯ ಮೇಲಿದ್ದ ಡಿಶ್ಶು ಅದನ್ನು ಹಿಡಿದು ಕೆಳಗೆ ಕೊಡುತ್ತಿತ್ತು. ಗಂಟೆಗೆ ನಾಲ್ಕು ಸಲ ಜಾಲದವರು ಒಂದೊಂದು ನಿಮಿಷ ಬಿಟ್ಟುಕೊಡುತ್ತಿದ್ದರು. ಆ ನಿಮಿಷ ಆಯಾ ಊರಿನದು. ಇನ್ನೂರು ಊರುಗಳೂ ಅಷ್ಟೇ ಹೊತ್ತು ತಂತಮ್ಮ ಹಾಸಿಗೆ, ಪಾತ್ರೆ, ಕನ್ನಡಕದ ಜಾಹೀರಾತು ಹಾಕಿಕೊಂಡು, ಅರವತ್ತನೇ ಸೆಕೆಂಡಿಗೆ ಮತ್ತೆ ಆಕಾಶಕ್ಕೆ ಕಿವಿಗೊಡಬೇಕು.

ಹಾಗೆ ಆಕಾಶವನ್ನು ನಿಲ್ಲಿಸಿ ಊರನ್ನು ತೂರಿಸಿ, ಮತ್ತೆ ಊರನ್ನು ನಿಲ್ಲಿಸಿ ಆಕಾಶವನ್ನು ತರುವುದೇ ನಿಮಿಷಮ್ಮನ ಕೆಲಸ. ಒಂದು ಸೆಕೆಂಡು ಮೊದಲೇ ಗುಂಡಿ ಒತ್ತಿದರೆ ಅಲ್ಲಿಯವರ ಮಾತು ಅರ್ಧಕ್ಕೇ ತುಂಡಾಗುತ್ತದೆ. ತಡವಾದರೆ ಊರೆಲ್ಲ ಬರೀ ಮೌನ. ಜನ ರೇಡಿಯೋ ಕೆಟ್ಟಿತೆಂದು ಅದರ ತಲೆಗೆ ಬಡಿಯುತ್ತಾರೆ. ಕೇಳುವವರಿಗೆ ಹೊಲಿಗೆ ಕಾಣಬಾರದು, ಅಷ್ಟೇ. ಹೊಲಿಗೆ ಕಾಣದಂತೆ ಹದಿನೆಂಟು ವರ್ಷ ಹೊಲಿದವಳಿಗೆ ಶಾಲು ಹೊದಿಸುವವರು ಯಾರೂ ಇಲ್ಲ ಬಿಡಿ, ಹೊಲಿಗೆಯೇ ಕಾಣದ ಮೇಲೆ ಹೊಲಿದವಳೆಲ್ಲಿ ಕಾಣಬೇಕು!

ಕೆಲಸಕ್ಕೆ ಸೇರಿದ ಮೊದಲ ದಿನ ಡಿಶ್ಶು ಕೂರಿಸಲು ಬಂದಿದ್ದ ಎಂಜಿನಿಯರು ಹೇಳಿದ್ದ, "ಅದು ಮೂವತ್ತಾರು ಸಾವಿರ ಕಿಲೋಮೀಟರ್ ಮೇಲಿದೆ ಕಣಮ್ಮಾ. ಅಲ್ಲಿಂದ ಒಬ್ಬರು 'ಅ' ಅಂದ್ರೆ, ಅದು ಮೇಲೆ ಹೋಗಿ ಕೆಳಗೆ ಬರೋಕೆ ಕಾಲು ಸೆಕೆಂಡು."

"ಕಾಲು ಸೆಕೆಂಡೇ? ನಮ್ಮ ಮನೆಯವರು ಒಳಗಿನ ಕೋಣೆಯಿಂದ 'ಆಂ' ಅನ್ನೋಕೆ ಅದಕ್ಕಿಂತ ಹೊತ್ತು ಬೇಕು!"

ಎಂಜಿನಿಯರು ನಕ್ಕ. ಅವಳು ನಗಲಿಲ್ಲ. ತಾರಸಿಗೆ ಹತ್ತಿ, ಡಿಶ್ಶು ಮುಖ ಮಾಡಿದ್ದ ಕಡೆಗೆ ಕತ್ತು ನೋಯುವವರೆಗೆ ನೋಡಿದಳು. ಬಿಸಿಲು, ಒಂದೆರಡು ಹಕ್ಕಿ, ಅದರಾಚೆ ಬರೀ ನೀಲಿ. ಆ ನೀಲಿಯೊಳಗಿಂದ ಯಾರದೋ ದನಿ ತನ್ನ ಊರಿನ ತಾರಸಿಯನ್ನು ಹುಡುಕಿಕೊಂಡು ಬರುತ್ತಿದೆ ಅನ್ನುವುದು ಅವಳಿಗೆ ಅವತ್ತು ಎಷ್ಟು ಸೋಜಿಗವಾಗಿತ್ತೋ, ಹದಿನೆಂಟು ವರ್ಷವಾದ ಮೇಲೂ ಅಷ್ಟೇ ಸೋಜಿಗ. ದಿನಾ ಬೆಳಗ್ಗೆ ಕೆಲಸಕ್ಕೆ ಕೂರುವ ಮುಂಚೆ ಒದ್ದೆ ಬಟ್ಟೆಯಲ್ಲಿ ಡಿಶ್ಶಿನ ಮೇಲಿನ ಹಕ್ಕಿ ಹಿಕ್ಕೆ ಒರೆಸಿ ಬರುತ್ತಿದ್ದಳು. "ಒರೆಸಿದ್ರೂ ಅಷ್ಟೇ, ಒರೆಸದಿದ್ರೂ ಅಷ್ಟೇ," ಅನ್ನುತ್ತಿದ್ದರು ಯಜಮಾನರು. "ಅಷ್ಟು ದೂರದಿಂದ ಬರೋರಿಗೆ ಬಾಗಿಲು ಕ್ಲೀನಾಗಿರಬೇಡ್ವಾ ಸಾರ್?" ಅನ್ನುತ್ತಿದ್ದಳು ಇವಳು.

ಹಾಗೆ ಬರುತ್ತಿದ್ದವರಲ್ಲಿ ಮುಖ್ಯವಾದವರು ಅಕ್ಕ. ದಿನಾ ಬೆಳಗ್ಗೆ ಹತ್ತಕ್ಕೆ ಜಾಲದಲ್ಲಿ ಎರಡು ಗಂಟೆಯ ಕಾರ್ಯಕ್ರಮ ನಡೆಸಿಕೊಡುತ್ತಿದ್ದವರನ್ನು ಇನ್ನೂರು ಊರುಗಳೂ ಅಕ್ಕ ಎಂದೇ ಕರೆಯುತ್ತಿದ್ದವು. ತುಂಬು ದನಿ. ಕಾಗದ ಬರೆದವರಿಗೆ ಬೈದು ಬುದ್ಧಿ ಹೇಳಿದರೂ ಬೈಸಿಕೊಂಡವರು ಮತ್ತೆ ಕಾಗದ ಬರೆಯುವಂಥ ದನಿ. "ಒಂದೇ ನಿಮಿಷ, ಎಲ್ಲೂ ಹೋಗಬೇಡಿ" ಎಂದು ಅವರು ಹೇಳಿದರೆ ನಿಮಿಷಮ್ಮನ ಬೆರಳು ತಾನಾಗಿಯೇ ಗುಂಡಿಯ ಮೇಲೆ ಕೂರುತ್ತಿತ್ತು.

ಈಗ ಹೇಳುವುದನ್ನು ಸ್ವಲ್ಪ ನಿಧಾನವಾಗಿ ಕೇಳಿ, ಕಥೆಯೆಲ್ಲ ಇಲ್ಲೇ ಇದೆ. ನಿಮಿಷಮ್ಮ ತಲೆಗೆ ಹಾಕಿಕೊಳ್ಳುತ್ತಿದ್ದ ಹೆಡ್‌ಫೋನಿನ ಬಲಗಿವಿಗೆ ಊರಿನಲ್ಲಿ ಕೇಳುವ ಜಾಹೀರಾತು ಬರುತ್ತಿತ್ತು, ಎಡಗಿವಿಗೆ ಆಕಾಶ. ಎರಡೂ ಕೇಳದೆ ಹೊಲಿಗೆ ಕೂಡಿಸಲಾಗದು. ಊರಿಗೆ ಜಾಹೀರಾತು ಕೇಳುತ್ತಿರುವ ಆ ಅರವತ್ತು ಸೆಕೆಂಡು ಆಕಾಶದಿಂದ ಬರೀ ತೆಳ್ಳಗಿನ ವಾದ್ಯ ಬರಬೇಕು. ಬರುತ್ತಲೂ ಇತ್ತು. ಆದರೆ ಅದರ ಅಡಿಯಲ್ಲಿ ಅಕ್ಕನ ಮೈಕು ತೆರೆದೇ ಇರುತ್ತಿತ್ತು. ಹೇಗೂ ಎಲ್ಲ ಊರಿನವರೂ ಆ ನಿಮಿಷವನ್ನು ಜಾಹೀರಾತಿನಿಂದ ಮುಚ್ಚುತ್ತಾರೆ, ಯಾರಿಗೆ ಕೇಳುತ್ತೆ ಎಂದು ಅಲ್ಲಿಯವರು ಅದನ್ನು ಮುಚ್ಚುವ ಗೋಜಿಗೇ ಹೋಗಿರಲಿಲ್ಲ.

ಮೊದಲ ಸಲ ಕೇಳಿದಾಗ ನಿಮಿಷಮ್ಮನಿಗೆ, ಯಾರದೋ ಮನೆಯ ಕೋಣೆಗೆ ಬಾಗಿಲು ತಟ್ಟದೆ ನುಗ್ಗಿಬಿಟ್ಟೆನಲ್ಲ ಅನ್ನಿಸಿ ಮುಖ ಬಿಸಿಯಾಗಿತ್ತು. ಇಡೀ ದೇಶಕ್ಕೆ ಬುದ್ಧಿ ಹೇಳುವ ಅಕ್ಕ ಅಲ್ಲಿ "ಹಾಳಾದ್ ಪೆನ್ನು, ಎಲ್ಲಿ ಸತ್ತಿದೆಯೋ" ಎಂದು ಗೊಣಗುತ್ತಿದ್ದರು. ಕಾಲು ಚಾಚಿದರೆ ಮಂಡಿ ಲಟಕ್ಕೆನ್ನುತ್ತಿತ್ತು. ಲೋಟ ಎತ್ತಿ ಎರಡೇ ಗುಟುಕು ನೀರು ಕುಡಿದು ಟಕ್ಕೆಂದು ಕೆಳಗಿಡುತ್ತಿದ್ದರು. ಕೊನೆಗೆ, ಮುಂದೆ ಹೇಳಬೇಕಾದ ಮಾತನ್ನು ಒಮ್ಮೆ ಮೆಲ್ಲಗೆ, ಪಾಠ ಒಪ್ಪಿಸುವ ಮಗುವಿನ ಹಾಗೆ, ತಮಗೆ ತಾವೇ ಓದಿಕೊಳ್ಳುತ್ತಿದ್ದರು. ಅಷ್ಟು ವರ್ಷ ಮಾತಾಡಿದವರಿಗೂ ತಾಲೀಮು ಬೇಕು ಅನ್ನುವುದನ್ನು ಕಂಡು ಅವಳಿಗೆ ಅಕ್ಕನ ಮೇಲೆ ಇದ್ದ ಭಕ್ತಿ ಇಮ್ಮಡಿಯಾಯಿತು.

ಒಂದು ವರ್ಷ ಅಕ್ಕನ ತಮ್ಮ ತೀರಿಕೊಂಡ. ಅದು ದೇಶಕ್ಕೆ ಗೊತ್ತಾಗಲೇ ಇಲ್ಲ. ಆ ವಾರವಿಡೀ ಅಕ್ಕ ಗಂಟೆಗೆ ನಾಲ್ಕು ಸಲ ಒಂದೊಂದು ನಿಮಿಷ ಅತ್ತು, ಮೂಗು ಒರೆಸಿಕೊಂಡು, ಅರವತ್ತೊಂದನೇ ಸೆಕೆಂಡಿಗೆ ನಗುನಗುತ್ತ ಬರುತ್ತಿದ್ದರು. ನಿಮಿಷಮ್ಮ ಇಲ್ಲಿ ಬಲಗಿವಿಯಲ್ಲಿ ಪಾತ್ರೆ ಅಂಗಡಿಯ ಕುಣಿತದ ಹಾಡು ಕೇಳುತ್ತ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಆಗ ಗಂಡನಿಗೆ ಒಮ್ಮೆ ಹೇಳಿದಳು. ಅವನು ಕತ್ತರಿಯ ಕೂದಲು ಊದುತ್ತ, "ಬೇರೆ ಯಾರ ಹತ್ರಾನೂ ಬಾಯಿ ಬಿಡಬೇಡ ಮಾರಾಯ್ತಿ. ಅವರಿಗೆ ಇರೋದೇ ಅದೊಂದು ಕೋಣೆ," ಅಂದ. ಅವಳು ಬಾಯಿ ಬಿಡಲಿಲ್ಲ.

ಶುರುವಿನಲ್ಲಿ ಎಲ್ಲ ಊರುಗಳಲ್ಲೂ ಅವಳಂಥ ಒಬ್ಬರು ಗುಂಡಿಯ ಮೇಲೆ ಬೆರಳಿಟ್ಟು ಕೂರುತ್ತಿದ್ದರು. ಬರಬರುತ್ತ ಯಂತ್ರ ಬಂತು. ಜಾಲದವರು ಮಾತಿನ ಜೊತೆಗೆ ಮನುಷ್ಯರ ಕಿವಿಗೆ ಕೇಳದಂಥ ಒಂದು ಸಣ್ಣ ಸನ್ನೆ ಕಳಿಸುತ್ತಾರೆ, ಯಂತ್ರ ಅದನ್ನು ಹಿಡಿದು ತಾನೇ ಜಾಹೀರಾತು ಶುರುಮಾಡಿ ತಾನೇ ನಿಲ್ಲಿಸುತ್ತದೆ. ಒಂದೊಂದೇ ಊರಿನಲ್ಲಿ ಕುರ್ಚಿ ಖಾಲಿಯಾಯಿತು. ಯಜಮಾನರು ಮಾತ್ರ, "ನಮ್ಮ ನಿಮಿಷಮ್ಮ ಯಾವ ಯಂತ್ರಕ್ಕೆ ಕಡಿಮೆ?" ಎಂದು ಹೊಗಳುತ್ತ ಕೈ ಬಿಗಿಹಿಡಿದೇ ಇದ್ದರು. ಆದರೆ ಹದಿನೆಂಟನೇ ವರ್ಷ, ಗುಂಡಿ ಒತ್ತುವ ಊರುಗಳಿಗೆ ಇನ್ನು ಕಾರ್ಯಕ್ರಮ ಇಲ್ಲ ಎಂದು ಜಾಲದವರು ಕಡ್ಡಿ ಮುರಿದಂತೆ ಹೇಳಿದರು. ಉಳಿದದ್ದು ಇದೊಂದೇ ಊರಂತೆ.

ಯಂತ್ರ ಬಂತು. ನಮ್ಮ ಮನೆಯ ಟ್ರಂಕಿನಷ್ಟೂ ಇರಲಿಲ್ಲ. ಅದೇ ಹಳೆಯ ಎಂಜಿನಿಯರು, ತಲೆಕೂದಲು ಅರ್ಧಕ್ಕರ್ಧ ಉದುರಿಸಿಕೊಂಡು ಬಂದು ಅದನ್ನು ಜೋಡಿಸಿದ. ಮೊದಲ ಬಿಡುವಿನಲ್ಲಿ ಅದರ ಹಸಿರು ದೀಪ ಹತ್ತಿತು, ಜಾಹೀರಾತು ಹರಿಯಿತು, ದೀಪ ಆರಿತು, ಅಕ್ಕ ಬಂದರು. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ನಿಮಿಷಮ್ಮ ಮೂಗಿನ ಮೇಲೆ ಬೆರಳಿಟ್ಟಳು. ಹೊಟ್ಟೆಕಿಚ್ಚು ಪಡಬೇಕಾದವಳು ಬೆರಗಾಗಿ ನಿಂತಿದ್ದಳು, ನೋಡಿ! "ನಮಗೆ ಕೇಳಿಸದ್ದು ಇದಕ್ಕೆ ಕೇಳಿಸುತ್ತಾ?" ಎಂದಳು.

"ಹೂಂ. ಆದ್ರೆ ನಮಗೆ ಕೇಳಿಸೋದು ಅದಕ್ಕೆ ಕೇಳಿಸಲ್ಲ," ಅಂದ ಎಂಜಿನಿಯರು, ತಂತಿ ಸುತ್ತುತ್ತ.

ಯಜಮಾನರು ಅವಳನ್ನು ಬೀದಿಗೆ ಹಾಕಲಿಲ್ಲ. ಮುಂದಿನ ತಿಂಗಳಿಂದ ಅಂಗಡಿ ಅಂಗಡಿಗೆ ಹೋಗಿ ಜಾಹೀರಾತು ಕೇಳಿಕೊಂಡು ಬರುವ ಕೆಲಸ ಕೊಡುವುದಾಗಿ ಹೇಳಿದರು. ಹೆಡ್‌ಫೋನಿನ ತಂತಿಯನ್ನು ತಿಂಗಳ ಕೊನೆಗೆ ಕೀಳುವುದೆಂದಾಯಿತು. ಅಲ್ಲಿಯವರೆಗೆ ಯಂತ್ರದ ಪರೀಕ್ಷೆ. ಅವಳು ಮಾಡಬೇಕಾದ್ದು ಏನೂ ಇರಲಿಲ್ಲ. ಆದರೂ ಹತ್ತಕ್ಕೆ ಮುಂಚೆಯೇ ಬಂದು, ಡಿಶ್ಶು ಒರೆಸಿ, ಹೆಡ್‌ಫೋನು ಹಾಕಿಕೊಂಡು ಕೂರುತ್ತಿದ್ದಳು. "ಯಾಕಮ್ಮಾ, ಯಂತ್ರಕ್ಕೆ ಬೇಜಾರಾಗುತ್ತೆ ಅಂತಾನಾ?" ಎಂದು ಯಜಮಾನರು ಛೇಡಿಸುತ್ತಿದ್ದರು. ಇವಳು ಹೋದರೆ ಅಕ್ಕನ ಆ ನಿಮಿಷ ಯಾರೂ ಇಲ್ಲದ ನಿಮಿಷವಾಗುತ್ತದೆ ಎಂದು ಅವರಿಗೆ ಹೇಗೆ ಹೇಳುವುದು? ಹೊಟ್ಟೆಯೊಳಗೇ ಇಟ್ಟುಕೊಂಡಳು.

ಇನ್ನೊಂದು ಮಾತೂ ಅವಳ ಹೊಟ್ಟೆಯಲ್ಲಿತ್ತು, ಅದು ಹಳೆಯದು. ಅವಳ ಅಪ್ಪ ಸಿಟಿ ಬಸ್ಸಿನ ಕಂಡಕ್ಟರು. ಶಾಲೆ ಬಿಟ್ಟ ಮೇಲೆ ಹನ್ನೊಂದು ವರ್ಷದ ಅವಳು ಅದೇ ಬಸ್ಸಿನಲ್ಲಿ ಮನೆಗೆ ಬರುತ್ತಿದ್ದಳು. ಒಂದು ದಿನ ಅಪ್ಪ ಸ್ಟಾಪಿನ ಹೆಸರು ಕೂಗುವ ಬದಲು, "ಉಪ್ಪು ಇಳೀರಿ, ಛತ್ರಿ ಇಳೀರಿ" ಎಂದು ಕೂಗತೊಡಗಿದ. ಬಸ್ಸಿಗೆ ಬಸ್ಸೇ ಬಿದ್ದು ಬಿದ್ದು ನಕ್ಕಿತು. ಅಪ್ಪ ತಮಾಷೆಗಾರ ಅಂತ ಎಲ್ಲರಿಗೂ ಗೊತ್ತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಇವಳೇ. ಅಪ್ಪನೂ ಅರ್ಧ ಬಾಯಲ್ಲಿ ನಕ್ಕ. ನಾಲ್ಕು ಸ್ಟಾಪು ಹಾಗೇ ಹೋಯಿತು. ಐದನೆಯದರಲ್ಲಿ ಅವನು ಕಂಬಕ್ಕೆ ಒರಗಿ ಕುಸಿದಾಗ ಲಕ್ವ ಹೊಡೆದಿದೆ ಎಂದು ತಿಳಿಯಿತು. ಆಮೇಲೆ ಆರು ವರ್ಷ ಬದುಕಿದ, ಒಂದು ಮಾತೂ ಆಡದೆ. "ಸ್ವಲ್ಪ ಮುಂಚೆ ಕರ್ಕೊಂಡ್ ಬಂದಿದ್ರೆ..." ಎಂದು ಡಾಕ್ಟರು ಅರ್ಧಕ್ಕೇ ನಿಲ್ಲಿಸಿದ ಮಾತು ಅವಳ ಎದೆಯಲ್ಲಿ ಮುಳ್ಳಿನಂತೆ ಉಳಿದುಬಿಟ್ಟಿತ್ತು.

ಪರೀಕ್ಷೆಯ ಒಂಬತ್ತನೇ ದಿನ. ಹತ್ತು ಇಪ್ಪತ್ತರ ಬಿಡುವು. ಅದಾದ ಮೇಲೆ ಮೊದಲೇ ಧ್ವನಿಮುದ್ರಣವಾದ ಅರ್ಧ ಗಂಟೆಯ ನಾಟಕ, ನಡುವೆ ಬಿಡುವಿಲ್ಲ. ನಾಟಕ ಮುಗಿಯುವವರೆಗೆ ಅಕ್ಕನಿಗೆ ವಿರಾಮ. ಕೋಣೆಯ ಬಾಗಿಲು ಹಾಕಿಕೊಂಡು ಕಾಗದ ಓದುತ್ತಿರುತ್ತಾರೆ, ಒಳಗೆ ಯಾರೂ ಹೋಗುವುದಿಲ್ಲ ಎಂದು ಅವರೇ ಎಷ್ಟೋ ಸಲ ಹೇಳಿಕೊಂಡಿದ್ದರು.

"ಒಂದೇ ನಿಮಿಷ, ಎಲ್ಲೂ ಹೋಗಬೇಡಿ," ಅಂದರು ಅಕ್ಕ. ಯಂತ್ರದ ಹಸಿರು ದೀಪ ಹತ್ತಿತು. ಬಲಗಿವಿಯಲ್ಲಿ ಹಾಸಿಗೆ ಅಂಗಡಿ, "ಮಲಗಿದರೆ ಏಳಲು ಮನಸ್ಸೇ ಬಾರದು!" ಎಂದು ಹಾಡತೊಡಗಿತು. ಎಡಗಿವಿಯಲ್ಲಿ ಮಂಡಿ ಲಟಕ್ಕೆಂದಿತು. ಕಾಗದದ ಸದ್ದು. ಆಮೇಲೆ ಅಕ್ಕ ನಾಟಕವಾದ ಮೇಲೆ ಹೇಳಬೇಕಾದ ಮಾತು ಓದಿಕೊಳ್ಳತೊಡಗಿದರು. "ಬನ್ನಿ, ಈಗ ನಿಮ್ಮ ಕಾಗದಗಳನ್ನು ಓದೋಣ" ಅನ್ನಬೇಕು. ದಿನಾ ಅದೇ ಮಾತು.

"ಬನ್ನಿ, ಈಗ ನಿಮ್ಮ... ನಿಮ್ಮ ಬಾಗಿಲು... ಬಾಗಿಲು ಓ..."

ನಿಮಿಷಮ್ಮನಿಗೆ ನಗು ಬಂತು. ಆ ನಗು ತುಟಿಗೆ ಬರುವಷ್ಟರಲ್ಲಿ ಅಪ್ಪ 'ಉಪ್ಪು ಇಳೀರಿ' ಎಂದು ಕೂಗಿದ್ದು ಕಿವಿಗೆ ಬಂತು.

"ನಿಮ್ಮ ನೀರು... ಬನ್ನಿ... ನೀ..." ನಾಲಿಗೆ ಎಳೆಯುತ್ತಿತ್ತು. ಲೋಟ ಟಕ್ಕೆನ್ನಲಿಲ್ಲ, ಉರುಳಿತು, ದೂರದವರೆಗೂ ಉರುಳುತ್ತ ಹೋಯಿತು. ಅದರ ಹಿಂದೆಯೇ ಕುರ್ಚಿ ಜರುಗಿದ ಸದ್ದು. ಒಂದು ಉಸಿರು. ಅಷ್ಟರಲ್ಲಿ ಅರವತ್ತನೇ ಸೆಕೆಂಡು. ಹಸಿರು ದೀಪ ಆರಿತು, ನಾಟಕದ ವಾದ್ಯ ಮೊಳಗಿತು, ಅಕ್ಕನ ಕೋಣೆ ಮುಚ್ಚಿಕೊಂಡಿತು. ಹೊಲಿಗೆ ಒಂದಿಷ್ಟೂ ಕಾಣಲಿಲ್ಲ. ಇನ್ನೂರು ಊರುಗಳಲ್ಲಿ ಜನ ನಾಟಕಕ್ಕೆ ಕಿವಿಗೊಟ್ಟು ಕೂತರು.

ಇಡೀ ಭೂಮಿಯ ಮೇಲೆ ಅದನ್ನು ಕೇಳಿದವಳು ತಾನೊಬ್ಬಳೇ ಎಂದು ಅವಳಿಗೆ ಹೊಳೆದ ಆ ಗಳಿಗೆಯನ್ನು ಹೇಗೆ ಹೇಳಲಿ? ಗೋಡೆಯ ಮೇಲೆ ಜಾಲದ ತಾಂತ್ರಿಕ ಕೋಣೆಯ ನಂಬರು ಬರೆದಿತ್ತು. ಡಯಲ್ ತಿರುಗಿಸಿದಳು. ಎರಡು ಸಲ ತಪ್ಪಿತು. ಮೂರನೇ ಸಲ ಒಂದು ಗಂಡು ದನಿ ಎತ್ತಿಕೊಂಡಿತು.

"ಅಕ್ಕನಿಗೆ ಹುಷಾರಿಲ್ಲ! ಬೇಗ ಹೋಗಿ, ಅವರ ಕೋಣೆ ಬಾಗಿಲು ತೆಗೀರಿ!"

"ಯಾರಮ್ಮಾ ನೀವು? ಕಾರ್ಯಕ್ರಮ ಚೆನ್ನಾಗಿಯೇ ಬರ್ತಿದೆಯಲ್ಲ?"

"ನಾಟಕ ಬರ್ತಿದೆ ಸಾರ್, ಅಕ್ಕ ಅಲ್ಲ! ಬಿಡುವಿನಲ್ಲಿ ಅವರ ಮಾತು ತೊದಲ್ತಾ ಇತ್ತು. ನಾನು ಕೇಳಿಸ್ಕೊಂಡೆ."

"ಬಿಡುವಿನಲ್ಲಿ ಯಾರಿಗಮ್ಮಾ ಕೇಳುತ್ತೆ? ಎಲ್ಲ ಕಡೆ ಯಂತ್ರ ಇದೆ. ಬಾಗಿಲ ಮೇಲೆ ಕೆಂಪು ದೀಪ ಉರಿಯೋವಾಗ ಒಳಗೆ ಹೋದ್ರೆ ಅಕ್ಕ ನನ್ನ ಚರ್ಮ ಸುಲೀತಾರೆ."

ಯಜಮಾನರು ಬಾಗಿಲಲ್ಲಿ ನಿಂತು ಬಿಟ್ಟ ಬಾಯಿ ಬಿಟ್ಟಂತೆ ನೋಡುತ್ತಿದ್ದರು. ಹದಿನೆಂಟು ವರ್ಷ ಗಂಡನಿಗಲ್ಲದೆ ಬೇರೆ ಯಾರ ಹತ್ತಿರವೂ ಆಡದ ಮಾತನ್ನು ನಿಮಿಷಮ್ಮ ಈಗ ಒಂದೇ ಉಸಿರಿಗೆ ಹೊರಗೆ ಹಾಕಿದಳು. "ಕಾಲು ಚಾಚಿದ್ರೆ ಅವರ ಮಂಡಿ ಲಟಕ್ಕೆನ್ನುತ್ತೆ. ಎರಡೇ ಗುಟುಕು ನೀರು ಕುಡೀತಾರೆ. ಪೆನ್ನು ಕಳೆದ್ರೆ 'ಹಾಳಾದ್ ಪೆನ್ನು' ಅಂತಾರೆ. ತಮ್ಮ ಸತ್ತಾಗ ವಾರಪೂರ್ತಿ ಅಲ್ಲೇ ಅತ್ತಿದ್ದಾರೆ. ಇವತ್ತು ಲೋಟ ಕೆಳಗೆ ಬಿತ್ತು, ಸಾರ್. ಎತ್ತಿಕೊಳ್ಳಲಿಲ್ಲ. ನಮ್ಮಪ್ಪನಿಗೂ ಹೀಗೇ ಆಗಿತ್ತು, ನಾವೆಲ್ಲ ನಕ್ಕುಬಿಟ್ವಿ. ನಿಮ್ಮ ಕಾಲಿಗೆ ಬೀಳ್ತೀನಿ, ಓಡಿ!"

ಆ ಕಡೆ ರಿಸೀವರು ಮೇಜಿಗೆ ಬಡಿದ ಸದ್ದು, ಓಡುವ ಕಾಲಿನ ಸದ್ದು, ದೂರದಲ್ಲೊಂದು ಬಾಗಿಲು, ಆಮೇಲೆ "ಅಯ್ಯೋ!" ಎಂಬ ಕೂಗು. ನಿಮಿಷಮ್ಮ ರಿಸೀವರನ್ನು ಎರಡು ಕೈಯಲ್ಲೂ ಹಿಡಿದು ಕೂತಳು. ಹತ್ತು ಐವತ್ತಕ್ಕೆ ನಾಟಕ ಮುಗಿಯಿತು. ಮುಂದಿನ ಬಿಡುವಿಗೆ ಯಂತ್ರ ತನ್ನಷ್ಟಕ್ಕೆ ಹಸಿರು ದೀಪ ಹತ್ತಿಸಿ ಹಾಸಿಗೆ ಅಂಗಡಿಯ ಹಾಡು ಹಾಕಿತು. ಅಕ್ಕನ ಜಾಗದಲ್ಲಿ ಒಂದರ ಹಿಂದೊಂದು ಹಾಡು ಬಂದವು.

ಸಂಜೆ ಜಾಲದವರ ಫೋನು ಬಂತು. ಆಸ್ಪತ್ರೆಗೆ ಸರಿಯಾದ ಹೊತ್ತಿಗೆ ತಲುಪಿಸಿದ್ದರಂತೆ. ಜೀವಕ್ಕೆ ಭಯವಿಲ್ಲ, ಮಾತು ಬರುತ್ತದೋ ಇಲ್ಲವೋ ನೋಡಬೇಕು, ಅಂದರು. ಅವತ್ತು ಮನೆಯಲ್ಲಿ ನಿಮಿಷಮ್ಮ ಬಿಕ್ಕಿ ಬಿಕ್ಕಿ ಅತ್ತಳು. ಗಂಡ ಅವಳ ತಲೆ ನೇವರಿಸುತ್ತ ಕೂತಿದ್ದ. ತಾನು ಆ ನಿಮಿಷ ಅಂಗಡಿಯಲ್ಲಿ ಗಿರಾಕಿಯ ಗಡ್ಡಕ್ಕೆ ನೊರೆ ಹಚ್ಚುತ್ತ ಹಾಸಿಗೆಯ ಹಾಡಿಗೆ ತಲೆದೂಗುತ್ತಿದ್ದೆ ಎಂದು ಅವನಿಗೆ ಆಮೇಲೆ ನೆನೆದಾಗಲೆಲ್ಲ ಮೈ ಜುಮ್ಮೆನ್ನುತ್ತಿತ್ತು.

ತಿಂಗಳ ಕೊನೆಗೆ ಎಂಜಿನಿಯರು ಹೆಡ್‌ಫೋನಿನ ತಂತಿ ಕೀಳಲು ಬಂದ. "ಅದನ್ನ ಮುಟ್ಟಬೇಡಪ್ಪಾ," ಅಂದರು ಯಜಮಾನರು. ನಿಮಿಷಮ್ಮ ಮಧ್ಯಾಹ್ನದ ಮೇಲೆ ಅಂಗಡಿಗಳಿಗೆ ಹೋದರೆ ಸಾಕು, ಬೆಳಗ್ಗೆ ಕುರ್ಚಿ ಅವಳದೇ ಎಂದೂ ಹೇಳಿದರು. ಆದರೆ ಕುರ್ಚಿ ಇದ್ದು ಏನು ಬಂತು! ಏಳು ತಿಂಗಳು ಎಡಗಿವಿಯಲ್ಲಿ ಬರೀ ತೆಳ್ಳಗಿನ ವಾದ್ಯ. ಅಕ್ಕನ ಬದಲಿಗೆ ಬಂದವರು ಬಿಡುವಿನಲ್ಲಿ ಮೈಕು ಮುಚ್ಚಿಡುತ್ತಿದ್ದರು. ಆದರೂ ಅವಳು ದಿನಾ ಡಿಶ್ಶು ಒರೆಸುವುದನ್ನು ಬಿಡಲಿಲ್ಲ.

ಎಂಟನೇ ತಿಂಗಳ ಒಂದು ಬೆಳಗ್ಗೆ ಹತ್ತಕ್ಕೆ ಅಕ್ಕ ಬಂದರು. ದನಿ ಅದೇ, ಮಾತಿನ ನಡಿಗೆ ಮಾತ್ರ ನಿಧಾನ. ಪ್ರತಿ ಮಾತನ್ನೂ ಮೆಟ್ಟಿಲು ಇಳಿಯುವವರ ಹಾಗೆ ಕಾಲಿಟ್ಟು ನೋಡಿಕೊಂಡು ಆಡುತ್ತಿದ್ದರು. ಇನ್ನೂರು ಊರುಗಳೂ ಉಸಿರು ಬಿಗಿಹಿಡಿದು ಕೇಳಿದವು. ಹತ್ತು ಇಪ್ಪತ್ತಕ್ಕೆ, "ಒಂದೇ ನಿಮಿಷ, ಎಲ್ಲೂ ಹೋಗಬೇಡಿ," ಅಂದರು. ಹಸಿರು ದೀಪ ಹತ್ತಿತು. ಹಾಸಿಗೆ, ಪಾತ್ರೆ, ಕನ್ನಡಕ ಊರಿನ ಮೇಲೆ ಹರಿದವು.

ಎಡಗಿವಿಯಲ್ಲಿ ಮಂಡಿ ಲಟಕ್ಕೆಂದಿತು. ಎರಡು ಗುಟುಕು ನೀರು. ಲೋಟ ಟಕ್ಕೆಂದು ಕೆಳಗಿಟ್ಟ ಸದ್ದು. ಆಮೇಲೆ ಮೆಲ್ಲಗೆ, ಒಂದೊಂದೇ ಪದವಾಗಿ: "ಬನ್ನಿ... ಈಗ... ನಿಮ್ಮ... ಕಾಗದಗಳನ್ನು... ಓದೋಣ."

ಕಾಗದ ಮಡಚಿಟ್ಟ ಸದ್ದು.

"ತಂಗೀ," ಅಂದರು ಅಕ್ಕ. "ಇದ್ದೀಯಾ? ಮೈಕು ಮುಚ್ಚಬೇಡಿ ಅಂತ ನಾನೇ ಹೇಳಿದೀನಿ. ಸರಿಯಾಗಿ ಬಂತಾ, ನೋಡು."

ನಿಮಿಷಮ್ಮನ ಮೈಯೆಲ್ಲ ನವಿರೆದ್ದಿತು. ಹದಿನೆಂಟು ವರ್ಷ ಇಡೀ ದೇಶದ ಮೇಲೆ ಸುರಿಯುತ್ತಿದ್ದ ಆಕಾಶ ಅವತ್ತು ಅವಳೊಬ್ಬಳನ್ನೇ ಕರೆದು ಮಾತಾಡಿಸಿತ್ತು. ತಾನು ಏನಂದರೂ ಅದು ಮೇಲಕ್ಕೆ ಹೋಗುವುದಿಲ್ಲ, ಆ ದಾರಿ ಬರೀ ಇಳಿಯುವ ದಾರಿ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಎದ್ದು ನಿಂತು, ಮೊಟ್ಟೆ ತಟ್ಟೆಗಳ ಗೋಡೆಯ ಕಡೆ ಮುಖ ಮಾಡಿ ಗಟ್ಟಿಯಾಗಿ ಹೇಳಿದಳು:

"ಸರಿಯಾಗಿ ಬಂತು ಅಕ್ಕಾ. ಒಂದಕ್ಷರ ತಪ್ಪಿಲ್ಲ."

ಹಸಿರು ದೀಪ ಆರಿತು. ನಾಟಕ ಶುರುವಾಯಿತು.